ನಾಲೆ ಏರಿಯ ತೂತಿನಲ್ಲಿ ಯಾರಿದ್ದಾರೆ? ಹೊಳೆಗೆ ಹೋದರೂ ಮಿಂಚುಳ್ಳಿ ಕಾಣುವುದಿಲ್ಲವೇಕೆ?

ಪ್ರಶ್ನೆ: ನಾವು ಮೈಸೂರಿನಲ್ಲಿದ್ದೇವೆ. ನಾಲ್ಕನೇ ತರಗತಿಯಲ್ಲಿರುವ ಮಗಳಿಗೆ ಶಾಲೆಯ ಪಟದಲ್ಲಿ ನೋಡಿದಾಗಿನಿಂದ ಮಿಂಚುಳ್ಳಿಯದೇ ಧ್ಯಾನ. ಹೋದ ಜುಲೈ, ಆಗಸ್ಟ್‌ನಲ್ಲಿ ಭಾನುವಾರ ಬೆಳಿಗ್ಗೆ ಎದ್ದು ಶ್ರೀರಂಗಪಟ್ಟಣದ ಸಂಗಮಕ್ಕೂ ಬಲಮುರಿಗೂ ಹೋಗಿ ಬಂದೆವು. ಒಮ್ಮೆ ಏನೋ ನೀಲಿ ಮಿಂಚಿ ಮರೆಯಾಯಿತು, ಅಷ್ಟೇ. ಗದ್ದೆಗೆ ಹೊಡೆಯುವ ಔಷಧಿಯಿಂದ ಅವೆಲ್ಲ ನಾಶವಾಗಿವೆ ಎನ್ನುತ್ತಾರೆ ಪರಿಚಯದವರು. ಮೊಬೈಲಿನಲ್ಲಿ ಅದರ ಕೂಗು ಹಾಕಿದರೆ ತಾನಾಗಿ ಬರುತ್ತದೆ ಎಂದು ಒಬ್ಬರು, ಹಣ ಕೊಟ್ಟರೆ ಗೂಡಿನ ಎದುರಿಗೇ ಕೂರಿಸುತ್ತೇನೆ ಎಂದು ಇನ್ನೊಬ್ಬರು ಹೇಳಿದರು. ಈ ಯುಗಾದಿಗೆ ಪಾಂಡವಪುರದ ಕಡೆ ನಮ್ಮ ಊರಿಗೆ ಹೋದಾಗ ಗದ್ದೆಯ ಪಕ್ಕದ ಕಾಲುವೆ ಏರಿಯಲ್ಲಿ ಒಂದು ತೂತು ಕಂಡಿತು. ಅದರ ಹತ್ತಿರ ಕೆಂಪು ಕೊಕ್ಕಿನ ನೀಲಿ ಹಕ್ಕಿಯೊಂದು ಕೂತಿತ್ತು ಎನ್ನುತ್ತಾಳೆ ಮಗಳು. ನಮ್ಮ ಮಾವನವರು ಆ ಹಕ್ಕಿ ನೀಲಕಂಠ, ಆ ತೂತು ಹಾವಿನದು, ನೀರು ಬಿಡುವ ಮೊದಲು ಮುಚ್ಚಿಬಿಡುತ್ತೇನೆ ಎನ್ನುತ್ತಿದ್ದಾರೆ. ಏನು ಮಾಡಲಿ? ಹೊಳೆ ದಂಡೆಯಲ್ಲಿ ಮಗುವನ್ನು ನಿಲ್ಲಿಸಲು ಮೊಸಳೆಯ ಭಯವೂ ಇದೆ. ನೀರುನಾಯಿ ಕಚ್ಚುತ್ತದೆಯೇ? ದುರ್ಬೀನು ಯಾವುದು ಕೊಳ್ಳಬೇಕು?

ಉತ್ತರ: ಇಷ್ಟು ಪ್ರಶ್ನೆಗಳಲ್ಲಿ ತುರ್ತಾಗಿರುವುದು ತೂತಿನದು. ನಿಮ್ಮ ಮಾವನವರು ಹಾರೆ ಎತ್ತಿಕೊಳ್ಳುವ ಮೊದಲು ಅದನ್ನು ಮುಗಿಸಿಬಿಡೋಣ.

ಹಾವು ಬಿಲ ತೋಡುವುದಿಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಸೇರಿಕೊಳ್ಳುವ ಹಾಗೆ ಇಲಿ, ಹೆಗ್ಗಣ, ಏಡಿ ತೋಡಿದ ಬಿಲಕ್ಕೆ ನುಗ್ಗುತ್ತದೆ. ಹಾಗಾಗಿ ಮೊದಲು ಕೇಳಬೇಕಾದದ್ದು ಈ ಬಿಲವನ್ನು ತೋಡಿದವರು ಯಾರು ಎಂದು. ಇಲಿ, ಏಡಿಗಳ ಬಿಲಗಳು ಸಾಮಾನ್ಯವಾಗಿ ಬದುವಿನ ಬುಡದಲ್ಲಿ, ನೀರಿನ ಮಟ್ಟದ ಆಸುಪಾಸಿನಲ್ಲಿರುತ್ತವೆ. ಬಾಯಿಯ ಮುಂದೆ ಮಣ್ಣಿನ ಗುಪ್ಪೆ ಇರುತ್ತದೆ. ಮಿಂಚುಳ್ಳಿಯ ಗೂಡು ಗೋಡೆಯ ಹಾಗೆ ನೆಟ್ಟಗೆ ಕಡಿದಂತಿರುವ ಮಣ್ಣಿನ ಮುಖದಲ್ಲಿ, ನೀರಿಗಿಂತ ಸಾಕಷ್ಟು ಮೇಲೆ ಇರುತ್ತದೆ. ಬಾಯಿಯ ಅಗಲ ಐದರಿಂದ ಎಂಟು ಸೆಂಟಿಮೀಟರ್. ಕೆಳ ಅಂಚಿನಲ್ಲಿ ಎರಡು ಸಣ್ಣ ಗೀರುಗಳಿದ್ದರೆ ಅವು ಹಕ್ಕಿ ಒಳಹೊರಗೆ ಓಡಾಡುವಾಗ ಕಾಲು ತಾಗಿ ಸವೆದದ್ದು. ಬಾಯಿಯಿಂದ ಬಿಳಿ ಹಿಕ್ಕೆ ಸೋರಿದ್ದರೆ, ಹತ್ತಿರ ಹೋದಾಗ ಕೊಳೆತ ಮೀನಿನ ನಾತ ಬಂದರೆ ಒಳಗೆ ಮರಿಗಳಿರುವ ಸಾಧ್ಯತೆ ಹೆಚ್ಚು. ಬಣ್ಣದ ವಿಷಯದಲ್ಲಿ ಅಷ್ಟು ಒಪ್ಪವಾಗಿರುವ ಹಕ್ಕಿ ಮನೆಗೆಲಸದಲ್ಲಿ ಶುದ್ಧ ಕೊಳಕ. ಅದಕ್ಕಿಂತ ಸಣ್ಣ ತೂತುಗಳು ನಾಲ್ಕೈದು ಒಂದೇ ಕಡೆ ಇದ್ದರೆ ಅವು ಕಳ್ಳಿಪೀರದ್ದಿರಬಹುದು. ಕರೆಂಟು ತಂತಿಯ ಮೇಲೆ ಕೂತು ಜೇನ್ನೊಣ ಹಿಡಿಯುವ ಆ ತೆಳು ಹಸಿರು ಹಕ್ಕಿಯೂ ಮಣ್ಣಿನಲ್ಲೇ ಗೂಡು ತೋಡುತ್ತದೆ.

ಒಳಗೆ ಕೈ ಹಾಕಬೇಡಿ, ಕಡ್ಡಿಯನ್ನೂ ಆಡಿಸಬೇಡಿ. ಖಾಲಿ ಬಿಟ್ಟ ಮಿಂಚುಳ್ಳಿ ಬಿಲದಲ್ಲಿ ಹಾವು ಸೇರಿಕೊಂಡಿರುವುದೂ ಉಂಟು; ಆ ಮಟ್ಟಿಗೆ ನಿಮ್ಮ ಮಾವನವರ ಮಾತಿನಲ್ಲಿ ಹುರುಳಿದೆ. ಇಪ್ಪತ್ತೈದು ಮೂವತ್ತು ಮೀಟರ್ ದೂರದಲ್ಲಿ, ಹೊಂಗೆ ಮರದ ಮರೆಯಲ್ಲೋ ಪಂಪ್‌ಸೆಟ್ ಮನೆಯ ಹಿಂದೆಯೋ ಬೆಳಿಗ್ಗೆ ಒಂದು ಗಂಟೆ ಸುಮ್ಮನೆ ಕೂತು ನೋಡಿ. ಮರಿಗಳಿದ್ದರೆ ಅಷ್ಟರಲ್ಲಿ ತಂದೆಯೋ ತಾಯಿಯೋ ಬರಲೇಬೇಕು. ಮಗಳಿಗೆ ಒಂದು ಗುಟ್ಟು ಹೇಳಿಕೊಡಿ: ಹಕ್ಕಿ ತಾನು ತಿನ್ನಲು ಹಿಡಿದ ಮೀನಿನ ತಲೆ ಅದರ ಗಂಟಲಿನ ಕಡೆಗಿರುತ್ತದೆ, ಏಕೆಂದರೆ ತಲೆ ಮೊದಲು ನುಂಗಿದರೆ ಮೀನಿನ ಮುಳ್ಳು ಚುಚ್ಚುವುದಿಲ್ಲ. ಕೊಕ್ಕಿನ ತುದಿಯಲ್ಲಿ ಮೀನಿನ ತಲೆ ಹೊರಮುಖವಾಗಿದ್ದರೆ ಅದು ಬೇರೆ ಬಾಯಿಗೆ ಕೊಡಲು ಒಯ್ಯುತ್ತಿರುವುದು. ಅಂಥದ್ದು ಕಂಡರೆ ಗೂಡು ಹತ್ತಿರದಲ್ಲೇ ಇದೆ ಎಂದು ತಿಳಿಯಿರಿ.

ಇನ್ನು ಏರಿ ಸೋರುವ ಭಯ. ರೈತರಿಗೆ ಇದು ಸಣ್ಣ ಮಾತಲ್ಲ, ಒಂದು ಬಿಲದಿಂದ ರಾತ್ರೋರಾತ್ರಿ ಏರಿ ಕಿತ್ತುಹೋಗಿ ಕೆಳಗಿನವರ ಪೈರು ಕೊಚ್ಚಿಹೋದದ್ದನ್ನು ನೀವೂ ಕೇಳಿರುತ್ತೀರಿ. ಆದರೆ ಹಾಗೆ ಮಾಡುವುದು ನೀರಿನ ಮಟ್ಟದಲ್ಲಿ ಏರಿಯ ಈ ಕಡೆಯಿಂದ ಆ ಕಡೆಗೆ ಹಾದುಹೋಗುವ ಹೆಗ್ಗಣ ಮತ್ತು ಏಡಿಯ ಬಿಲಗಳು. ಮಿಂಚುಳ್ಳಿಯ ಬಿಲ ಸಾಮಾನ್ಯವಾಗಿ ಒಂದು ಮೀಟರ್‌ಗಿಂತ ಕಡಿಮೆ ಉದ್ದ, ತುಸು ಮೇಲ್ಮುಖವಾಗಿ ಹೋಗಿ ಒಳಗಿನ ಕೋಣೆಯಲ್ಲಿ ಕೊನೆಯಾಗುತ್ತದೆ. ಏರಿ ಅಗಲವಾಗಿದ್ದು ತೂತು ನೀರಿಗಿಂತ ಮೇಲಿದ್ದರೆ ಬಿಟ್ಟುಬಿಡುವುದರಲ್ಲಿ ಅಪಾಯ ಕಡಿಮೆ. ಏರಿ ತೀರಾ ತೆಳುವಾಗಿದ್ದು, ನೀರು ಬಿಟ್ಟಾಗ ತೂತಿನ ಬಾಯಿಗೇ ಬರುವಂತಿದ್ದರೆ ನಿಮ್ಮ ಮಾವನವರ ಆತಂಕ ಸರಿಯಾದದ್ದೇ. ಆಗ ತೂತನ್ನು ಮುಟ್ಟದೆ, ಅದರ ಕೆಳಗಿನ ಭಾಗಕ್ಕೆ ಮರಳು ಚೀಲ ಒಡ್ಡಿ ಏರಿಯನ್ನು ಬಲಪಡಿಸಬಹುದು. ಮೊಟ್ಟೆ ಇಟ್ಟಲ್ಲಿಂದ ಮರಿ ಹಾರುವವರೆಗೆ ಸುಮಾರು ಒಂದೂವರೆ ತಿಂಗಳು. ಮರಿಗಳು ಈಗಾಗಲೇ ಇದ್ದರೆ ಉಳಿದಿರುವುದು ಮೂರು ನಾಲ್ಕು ವಾರ. ಅದು ಕಳೆದ ಮೇಲೆ ಜೇಡಿಮಣ್ಣು ತುಂಬಿ ಗಟ್ಟಿಯಾಗಿ ಬಡಿದು ಮುಚ್ಚಲಿ, ಯಾರೂ ಬೇಡವೆನ್ನುವುದಿಲ್ಲ. ಈಗಲೇ ಮುಚ್ಚಿದರೆ ಮರಿಗಳು ಒಳಗೇ ಸಾಯುತ್ತವೆ. ಕಾಡುಹಕ್ಕಿಯ ಗೂಡು, ಮೊಟ್ಟೆ ಹಾಳುಮಾಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ. ಇದನ್ನು ಮಾವನವರ ಮುಂದೆ ಕಾನೂನಾಗಿ ಹೇಳುವುದಕ್ಕಿಂತ, ಆ ಹಕ್ಕಿ ಗದ್ದೆಯ ಮಿಡತೆ, ಏಡಿ, ಸುಂಡಿಲಿಗಳನ್ನೂ ತಿನ್ನುತ್ತದೆ ಎಂದು ಹೇಳಿ. ಅದು ನಾಟುತ್ತದೆ.

ಏಕೆಂದರೆ ನಿಮ್ಮ ಮಗಳು ನೋಡಿದ್ದು ಬಹುಪಾಲು ಗದ್ದೆ ಮಿಂಚುಳ್ಳಿ. ಕಂದು ತಲೆ, ಬಿಳಿ ಎದೆ, ಉದ್ದನೆಯ ಕೆಂಪು ಕೊಕ್ಕು, ಬೆನ್ನು ನೀಲಿ. ನೀಲಕಂಠ ನಮ್ಮ ರಾಜ್ಯಪಕ್ಷಿ. ಅದೂ ತಂತಿಯ ಮೇಲೆ ಕೂರುತ್ತದೆ, ಹಾರುವಾಗ ರೆಕ್ಕೆಯಲ್ಲಿ ಅದಕ್ಕೂ ನೀಲಿ ಮಿಂಚುತ್ತದೆ. ಹಾಗಾಗಿ ಹಳ್ಳಿಗಳಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದುಂಟು. ಆದರೆ ನೀಲಕಂಠದ ಕೊಕ್ಕು ಕಪ್ಪಗೆ, ಗಿಡ್ಡಕ್ಕೆ ಇರುತ್ತದೆ. ಗೂಡು ಮರದ ಪೊಟರೆಯಲ್ಲಿ. ಕೆಂಪು ಕೊಕ್ಕು ಎಂದು ಗುರುತಿಸಿದ ಮಗುವಿನ ಕಣ್ಣನ್ನು ನಂಬಿ.

ಮಿಂಚುಳ್ಳಿ ಎಂದರೆ ಹೊಳೆ, ಹೊಳೆ ಎಂದರೆ ಮೀನು ಎನ್ನುವ ಲೆಕ್ಕವೇ ಹೆಚ್ಚಿನವರನ್ನು ದಾರಿ ತಪ್ಪಿಸುವುದು. ನಮ್ಮ ಕಾವೇರಿ ಸೀಮೆಯಲ್ಲಿ ಸುಲಭವಾಗಿ ನೋಡಬಹುದಾದ ಮಿಂಚುಳ್ಳಿಗಳು ನಾಲ್ಕು. ಗದ್ದೆ ಮಿಂಚುಳ್ಳಿಗೆ ಹೊಳೆಯೇ ಬೇಡ. ಗದ್ದೆ, ತೆಂಗಿನ ತೋಟ, ಊರಿನ ಕಟ್ಟೆ ಎಲ್ಲಾದರೂ ಬಾಳುತ್ತದೆ. ಪಟದಲ್ಲಿ ನಿಮ್ಮ ಮಗಳ ಮನಸ್ಸು ಕದ್ದದ್ದು ಪ್ರಾಯಶಃ ಕಿರು ಮಿಂಚುಳ್ಳಿ: ಗುಬ್ಬಿಗಿಂತ ತುಸುವೇ ದೊಡ್ಡದು, ಮೇಲೆ ಹೊಳೆಯುವ ನೀಲಿ, ಕೆಳಗೆ ಕಿತ್ತಳೆ. ಅದರ ಕೆಳಗೊಕ್ಕು ಕೆಂಪಾಗಿದ್ದರೆ ಹೆಣ್ಣು, ಇಡೀ ಕೊಕ್ಕು ಕಪ್ಪಾಗಿದ್ದರೆ ಗಂಡು. ಕಪ್ಪು-ಬಿಳಿ ಮಿಂಚುಳ್ಳಿಗೆ ಕೊಂಬೆಯ ಹಂಗಿಲ್ಲ, ತೆರೆದ ನೀರಿನ ಮೇಲೆ ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ನಿಂತು ನೆಟ್ಟಗೆ ಕೆಳಗೆ ಬೀಳುತ್ತದೆ. ನಾಲ್ಕನೆಯದು ಹೆಮ್ಮಿಂಚುಳ್ಳಿ, ದೊಡ್ಡ ಕೆಂಪು ಕೊಕ್ಕಿನ ಸಂಕೋಚದ ಹಕ್ಕಿ; ನೀರಿನ ಮೇಲೆ ಬಾಗಿದ ಮರಗಳ ನೆರಳಿನಲ್ಲಿ ಕೂತಿದ್ದರೆ ಕೂಗುವವರೆಗೂ ಸುಳಿವು ಸಿಗುವುದಿಲ್ಲ.

ಈಗ ಸಂಗಮದ ವಿಷಯ. ನಿಮಗೆ ಅಲ್ಲಿ ಕಾಣದೇ ಇದ್ದದ್ದಕ್ಕೆ ಔಷಧಿಗಿಂತ ಹತ್ತಿರದ ಕಾರಣಗಳಿವೆ. ನೀವು ಹೋದದ್ದು ಜುಲೈ, ಆಗಸ್ಟ್. ಕೊಡಗಿನಲ್ಲಿ ಮಳೆ ಹಿಡಿದು ಕೆಆರ್‌ಎಸ್ ತುಂಬಿ ಗೇಟು ತೆರೆಯುವ ಕಾಲ. ಹೊಳೆ ಕೆಂಪಗೆ, ರಭಸವಾಗಿ ಹರಿಯುತ್ತಿರುತ್ತದೆ. ಕಿರು ಮಿಂಚುಳ್ಳಿ ಬೇಟೆಯಾಡುವುದು ಕಣ್ಣಿನಿಂದ, ಅದೂ ಮೇಲ್ಪದರದ ಒಂದು ಗೇಣಿನಷ್ಟು ನೀರಿನಲ್ಲಿ. ಕೆಂಪು ನೀರಿನಲ್ಲಿ ಅದಕ್ಕೆ ಮೀನು ಕಾಣುವುದಿಲ್ಲ. ಆ ದಿನಗಳಲ್ಲಿ ಅದು ಕೆರೆ ಕಟ್ಟೆಗಳಿಗೆ, ನಿಂತ ನೀರಿನ ಹಳ್ಳಗಳಿಗೆ ಸರಿದುಕೊಳ್ಳುತ್ತದೆ. ಎರಡನೆಯದು ಬಿಸಿಲು. ಸಂಗಮ ಇರುವುದು ಶ್ರೀರಂಗಪಟ್ಟಣ ದ್ವೀಪದ ಪೂರ್ವದ ತುದಿಯಲ್ಲಿ. ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಎದುರಿಗೆ ನೋಡಿದರೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ, ನೀರೆಲ್ಲ ಥಳಥಳ, ಹಕ್ಕಿ ಎಂಬುದು ಕರಿ ಚುಕ್ಕೆ. ಮಿಂಚುಳ್ಳಿಯ ಗರಿಯಲ್ಲಿ ನೀಲಿ ಬಣ್ಣವೆಂಬ ವಸ್ತುವೇ ಇಲ್ಲ. ಗರಿಯೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನೀಲಿ ತೋರಿಸುತ್ತದೆ. ಬೆಳಕು ಹಕ್ಕಿಯ ಹಿಂದಿನಿಂದ ಬಂದರೆ ಆ ನೀಲಿ ಸತ್ತುಹೋಗುತ್ತದೆ. ಸೂರ್ಯ ಸದಾ ನಿಮ್ಮ ಬೆನ್ನಿಗಿರಬೇಕು. ಸಂಗಮಕ್ಕೆ ಹೋಗಲೇಬೇಕೆಂದರೆ ಸಂಜೆ ನಾಲ್ಕರ ಮೇಲೆ ಹೋಗಿ. ಮೂರನೆಯದು ಭಾನುವಾರ. ಅಸ್ಥಿ ವಿಸರ್ಜನೆಗೆ ಬಂದವರು, ತೆಪ್ಪದಲ್ಲಿ ಸುತ್ತುವವರು, ಮೀಯುವವರು, ಎಲ್ಲರ ನಡುವೆ ನಾಚಿಕೆಯ ಹಕ್ಕಿಯನ್ನು ಹುಡುಕುವುದು ಕಷ್ಟ.

ಹಾಗಾದರೆ ಎಲ್ಲಿ? ನಾನು ಹೊಸಬರನ್ನು ಮೊದಲು ಹೊಳೆಗೆ ಕರೆದೊಯ್ಯುವುದೇ ಇಲ್ಲ. ಮೈಸೂರಿನವರಿಗೆ ಕಾರಂಜಿ ಕೆರೆ, ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆ ಮನೆಯ ಹತ್ತಿರವೇ ಇವೆ, ನಡೆಯಲು ದಾರಿಯಿದೆ, ಮಗುವಿಗೆ ಕ್ಷೇಮ. ಆಮೇಲೆ ಹಳೆಯ ಅಣೆಕಟ್ಟು ನಾಲೆಗಳು: ವಿರಿಜಾ, ಬಂಗಾರದೊಡ್ಡಿ, ಚಿಕ್ಕದೇವರಾಜ ಸಾಗರ ನಾಲೆ. ಕೆಆರ್‌ಎಸ್‌ಗಿಂತ ಬಹಳ ಹಿಂದಿನವು. ಇವುಗಳಲ್ಲಿ ಮಣ್ಣಿನ ದಂಡೆ ಉಳಿದಿರುವ, ಮೇಲೆ ಮರ ಬಾಗಿರುವ ಕಡೆಗಳಲ್ಲಿ ಕೂತರೆ ಬರಿಗೈಲಿ ಏಳುವುದು ಅಪರೂಪ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಇನ್ನೊಂದು ಅನುಕೂಲವಿದೆ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟು ನಿಲ್ಲಿಸುತ್ತಾರಲ್ಲ, ನಿಲ್ಲಿಸಿದ ಮೂರು ನಾಲ್ಕು ದಿನಗಳಿಗೆ ಕಾಲುವೆಯ ತಳದಲ್ಲಿ ಅಲ್ಲಲ್ಲಿ ಗುಂಡಿಗಳು ಮಾತ್ರ ಉಳಿದು, ಸಣ್ಣ ಮೀನುಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ನೀರು ತಿಳಿಯಾಗಿರುತ್ತದೆ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಎಲ್ಲಕ್ಕೂ ಅದು ಸಂತೆ. ಊರಿನಲ್ಲಿರುವ ನಿಮ್ಮ ಮಾವನವರಿಗೆ ಕಟ್ಟು ಯಾವಾಗ ಎಂಬುದು ಪಂಚಾಂಗಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನೇ ಕೇಳಿ ಹೊರಡಿ. ಹೊಳೆಯ ದಂಡೆಗೆ ನವೆಂಬರ್‌ನಿಂದ ಮೇ ತನಕ ಒಳ್ಳೆಯ ಕಾಲ.

ಹೋದಲ್ಲಿ ಹಕ್ಕಿಯನ್ನು ಹುಡುಕಬೇಡಿ, ಅದು ಕೂರುವ ಜಾಗವನ್ನು ಹುಡುಕಿ. ನೀರಿನ ಮೇಲೆ ಚಾಚಿದ ಒಣ ಕೊಂಬೆ, ಬೇರು, ಪಂಪ್‌ಸೆಟ್ಟಿನ ಪೈಪು, ತೂಬಿನ ಕಂಬಿ. ಅದರ ಕೆಳಗಿನ ಕಲ್ಲಿಗೆ ಬಿಳಿ ಹಿಕ್ಕೆ ಬಳಿದಂತಾಗಿದ್ದರೆ ಅದು ದಿನಾ ಬಂದು ಕೂರುವ ಕಟ್ಟೆ. ಕಿರು ಮಿಂಚುಳ್ಳಿ ದಂಡೆಯ ಒಂದು ಉದ್ದವನ್ನು ತನ್ನದೆಂದು ಕಾಯುತ್ತದೆ, ಅದರೊಳಗೆ ಹಿಂದೆ ಮುಂದೆ ಹಾರುತ್ತಿರುತ್ತದೆ. ಬೆನ್ನಟ್ಟಿದರೆ ಪ್ರತಿ ಸಲವೂ ಮುಂದಿನ ಕೊಂಬೆಗೆ ಹಾರಿ ಕೊನೆಗೆ ನಿಮ್ಮ ತಲೆಯ ಪಕ್ಕದಿಂದಲೇ ವಾಪಸ್ಸು ಬರುತ್ತದೆ. ನಿಮಗೆ ಕಂಡ ನೀಲಿ ಮಿಂಚು ಇದೇ. ಅದರ ಬದಲು ಒಂದೆಡೆ ಕೂತು ಮುಕ್ಕಾಲು ಗಂಟೆ ಕೊಡಿ. ಹಾರುವಾಗ ಚೀ ಎಂದು ತೀಕ್ಷ್ಣವಾಗಿ ಕೂಗುವುದರಿಂದ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಮಕ್ಕಳಿಗೆ ಮುಕ್ಕಾಲು ಗಂಟೆ ಸುಮ್ಮನೆ ಕೂರಲು ಆಗುವುದಿಲ್ಲ ಎನ್ನುತ್ತಾರೆ. ನನ್ನ ಅನುಭವದಲ್ಲಿ ಆಗದಿರುವುದು ಅಪ್ಪಂದಿರಿಗೆ.

ಮೊಬೈಲಿನಲ್ಲಿ ಕೂಗು ಹಾಕಿದರೆ ಬರುತ್ತದೆ, ಸುಳ್ಳಲ್ಲ. ಬರುವುದು ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿತೆಂದು ಜಗಳಕ್ಕೆ. ಮರಿಗಳಿರುವ ಕಾಲದಲ್ಲಿ ಹೀಗೆ ಮತ್ತೆ ಮತ್ತೆ ಕೆಣಕಿದರೆ ಮೀನು ತರಬೇಕಾದ ಹೊತ್ತು ಇಲ್ಲದ ಶತ್ರುವನ್ನು ಹುಡುಕುವುದರಲ್ಲಿ ಹೋಗುತ್ತದೆ. ಮೊಬೈಲನ್ನು ಉಲ್ಟಾ ಬಳಸಿ: ಮರ್ಲಿನ್ ಎಂಬ ಆ್ಯಪ್ ಸುತ್ತಲಿನ ಕೂಗನ್ನು ಕೇಳಿಸಿಕೊಂಡು ಹಕ್ಕಿಯ ಹೆಸರು ಸೂಚಿಸುತ್ತದೆ. ಅದು ಹೇಳಿದ್ದೆಲ್ಲ ವೇದವಾಕ್ಯವಲ್ಲ, ಆದರೂ ಮಗುವಿನ ಕಿವಿ ತಯಾರಾಗಲು ಒಳ್ಳೆಯದು. ಗೂಡಿನ ಮುಂದೆ ಕೂರಿಸುವವರ ಬಗ್ಗೆ ನನ್ನ ಮಾತು ಗಡುಸು: ಹೋಗಬೇಡಿ. ಬಿಲದ ಬಾಯಿಗೆ ಅಡ್ಡಲಾಗಿ ಜನ ಕೂತಿದ್ದರೆ ಹಕ್ಕಿ ಮೀನು ಕಚ್ಚಿಕೊಂಡು ದೂರದಲ್ಲೇ ಕಾಯುತ್ತದೆ, ಒಳಗೆ ಮರಿಗಳು ಹಸಿದಿರುತ್ತವೆ. ಜನ ಓಡಾಡಿ ತುಳಿದ ಜಾಡು ಹಿಡಿದು ನಾಯಿ, ಮುಂಗುಸಿ ಬರುತ್ತವೆ. ನಿಮ್ಮ ಊರಿನ ತೂತಿನ ಫೋಟೊವನ್ನೂ ಜಾಗದ ಗುರುತಿನೊಂದಿಗೆ ಎಲ್ಲೂ ಹಾಕಬೇಡಿ.

ಔಷಧಿಯಿಂದ ನಾಶವಾಗಿವೆ ಎಂಬುದು ಅರ್ಧ ನಿಜ. ಸಣ್ಣ ಮೀನು, ಏಡಿ, ಕಪ್ಪೆಗಳ ಮೈ ಸೇರಿದ ವಿಷ ಅವನ್ನು ತಿನ್ನುವ ಹಕ್ಕಿಗೂ ಸೇರುತ್ತದೆ, ಅನುಮಾನವಿಲ್ಲ. ಆದರೆ ಮಿಂಚುಳ್ಳಿಗಳು ಇಲ್ಲವಾಗಿಲ್ಲ. ಅದಕ್ಕಿಂತ ಕಣ್ಣಿಗೆ ಕಾಣುವ ತೊಂದರೆ ಗೂಡಿನ ಜಾಗದ್ದು. ಮರಳು ತೆಗೆದಲ್ಲಿ ದಂಡೆ ಕುಸಿಯುತ್ತದೆ, ನಾಲೆಗೆ ಕಾಂಕ್ರೀಟ್ ಹೊದಿಸಿದಲ್ಲಿ ತೋಡಲು ಮಣ್ಣೇ ಇರುವುದಿಲ್ಲ. ಹಾಗೆಂದು ಕಾಂಕ್ರೀಟ್ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸೋರಿಕೆ ನಿಂತರೆ ಮದ್ದೂರು, ಮಳವಳ್ಳಿಯ ಕೊನೆಭಾಗದ ರೈತರಿಗೆ ನೀರು ಮುಟ್ಟುತ್ತದೆ. ಅದಕ್ಕೇ ನಿಮ್ಮ ಗದ್ದೆಯ ಆ ಮಣ್ಣಿನ ಏರಿಗೆ ಬೆಲೆ ಬಂದಿರುವುದು. ತೂತು ಮುಚ್ಚಲೇಬೇಕಾದರೆ, ನೀರು ತಾಗದ ಹಾಳು ದಿಬ್ಬವೊಂದರ ಪಕ್ಕವನ್ನು ಆಳೆತ್ತರಕ್ಕೆ ನೆಟ್ಟಗೆ ಕಡಿದು ಬಿಡಿ. ಮುಂದಿನ ವರ್ಷ ಅಲ್ಲಿಗೆ ಬರಬಹುದು, ಬರದೆಯೂ ಇರಬಹುದು. ಖರ್ಚು ಅರ್ಧ ದಿನದ ಆಳಿನದು.

ಮೊಸಳೆಯ ಭಯ ಇರಲಿ, ಅದು ಒಳ್ಳೆಯ ಭಯ. ಕೆಆರ್‌ಎಸ್ ಕೆಳಗಿನ ಹೊಳೆಯಲ್ಲಿ, ರಂಗನತಿಟ್ಟಿನ ಸುತ್ತಮುತ್ತ ಮೊಸಳೆಗಳು ಧಾರಾಳವಾಗಿವೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವುದು ಮೈಬಿಸಿ ಹದಮಾಡಿಕೊಳ್ಳಲು, ಯಾರನ್ನೋ ನುಂಗಲು ಅಲ್ಲ. ಹೆಚ್ಚಾಗಿ ಮೀನು ತಿಂದೇ ಬದುಕುವ ಪ್ರಾಣಿ. ಆದರೆ ಫೆಬ್ರವರಿಯಿಂದ ಜೂನ್ ನಡುವೆ ಮೊಟ್ಟೆ, ಮರಿ ಕಾಯುವ ತಾಯಿ ಹತ್ತಿರ ಬಂದವರನ್ನು ಸುಮ್ಮನೆ ಬಿಡುವುದಿಲ್ಲ. ಮಗು ನೀರಿನಂಚಿನಿಂದ ನಾಲ್ಕೈದು ಮೀಟರ್ ಹಿಂದೆಯೇ ಇರಲಿ, ಎತ್ತರದ ದಂಡೆಯ ಮೇಲಾದರೆ ಇನ್ನೂ ಒಳ್ಳೆಯದು. ನೀರಿನಲ್ಲಿ ಕಾಲು ಬಿಟ್ಟು ಕೂರುವುದು, ಮುಸ್ಸಂಜೆಯಲ್ಲಿ ಕೈಕಾಲು ತೊಳೆಯಲು ಇಳಿಯುವುದು ಬೇಡ. ಸಾಕುನಾಯಿಯನ್ನು ಕರೆದೊಯ್ಯಬೇಡಿ.

ನಿಜ ಹೇಳಬೇಕೆಂದರೆ ಬಲಮುರಿ, ಎಡಮುರಿಗಳಲ್ಲಿ ನನಗೆ ಮೊಸಳೆಗಿಂತ ನೀರಿನ ಹೆದರಿಕೆಯೇ ಹೆಚ್ಚು. ಅಲ್ಲಿ ಜೀವ ಕಳೆದುಕೊಂಡವರು ಮುಳುಗಿ ಸತ್ತವರು. ಅಣೆಕಟ್ಟೆಯಿಂದ ನೀರು ಬಿಟ್ಟಾಗ ನೀವು ನಿಂತ ಬಂಡೆಯ ಸುತ್ತ ಮಟ್ಟ ಏರಿದ್ದು ಅರಿವಿಗೆ ಬರುವಷ್ಟರಲ್ಲಿ ದಂಡೆಗೆ ದಾರಿ ಇರುವುದಿಲ್ಲ. ಜಿಲ್ಲಾಡಳಿತ ಆಗಾಗ ಅಲ್ಲಿ ನೀರಿಗಿಳಿಯುವುದನ್ನು ನಿಷೇಧಿಸುವುದು ಇದಕ್ಕೇ. ಮಳೆಗಾಲದಲ್ಲಿ ಹಕ್ಕಿಯ ನೆಪದಲ್ಲಿ ಬಂಡೆಗಳ ಮೇಲೆ ಹೋಗಲೇಬೇಡಿ.

ಮೊಸಳೆಯನ್ನೂ ಹೆಮ್ಮಿಂಚುಳ್ಳಿಯನ್ನೂ ಕ್ಷೇಮವಾಗಿ ನೋಡಲು ರಂಗನತಿಟ್ಟಿನ ದೋಣಿಯೇ ಸರಿ. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಒಡ್ಡಿನಿಂದ ಮೂಡಿದ ನಡುಗಡ್ಡೆಗಳವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಎಲ್ಲರೂ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳನ್ನೇ ನೋಡಿ ಬರುತ್ತಾರೆ. ನೀವು ದೋಣಿಯವರಿಗೆ ಮಿಂಚುಳ್ಳಿ ಬೇಕೆಂದು ಹತ್ತುವಾಗಲೇ ಹೇಳಿ, ನೆರಳಿನ ದಂಡೆಯ ಕಡೆ ನಿಧಾನವಾಗಿ ಹುಟ್ಟು ಹಾಕುತ್ತಾರೆ. ಬೇಸಿಗೆಯಲ್ಲಿ ಬಂಡೆಗಳ ಮೇಲೆ ನದಿ ರೀವ ಎಂಬ ನೀರುಹಕ್ಕಿಗಳು ಬರೀ ಕಲ್ಲಿನ ಮೇಲೆ ಮೊಟ್ಟೆಯಿಟ್ಟು ಕೂತಿರುವುದನ್ನೂ ತೋರಿಸಲು ಹೇಳಿ. ಹೊಳೆಗೆ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡು ಹೊರಡಿ.

ನೀರುನಾಯಿ ತಾನಾಗಿ ಮೇಲೆ ಬೀಳುವ ಪ್ರಾಣಿಯಲ್ಲ. ಸಂಸಾರ ಸಮೇತ ಓಡಾಡುತ್ತದೆ, ಬೆಳಗಿನ ಜಾವ ಮತ್ತು ಸಂಜೆ ಹೆಚ್ಚು ಚುರುಕು. ಬಂಡೆಯ ಮೇಲೆ ಮೀನಿನ ಪೊರೆ, ಮುಳ್ಳು ತುಂಬಿದ ಲದ್ದಿ ರಾಶಿಯಾಗಿ ಬಿದ್ದಿದ್ದರೆ ಅದು ಅವುಗಳ ಅಡ್ಡೆ. ಮರಿಗಳಿದ್ದಾಗ ಸುತ್ತುವರಿದರೆ ಕಚ್ಚಬಲ್ಲದು, ಅಷ್ಟು ಹತ್ತಿರ ಹೋಗುವ ಅಗತ್ಯವೇನೂ ಇಲ್ಲ.

ಕೊನೆಗೆ ದುರ್ಬೀನು. ಅಂಗಡಿಯವರು 10×50 (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 50 ಮಿಲಿಮೀಟರ್ ಅಗಲದ್ದು) ತೋರಿಸಿ ಹೆಚ್ಚು ದೊಡ್ಡದಾಗಿ ಕಾಣುತ್ತದೆ ಎನ್ನುತ್ತಾರೆ. ಅದು ಭಾರ, ಮಗುವಿನ ಕೈಯಲ್ಲಿ ನಡುಗುತ್ತದೆ, ನೋಟದ ಅಗಲವೂ ಕಡಿಮೆ. ಹಾರುವ ಮಿಂಚುಳ್ಳಿ ಅದರೊಳಗೆ ಸಿಗುವುದಿಲ್ಲ. ದೊಡ್ಡವರಿಗೆ 8×42, ಮಗಳಿಗೆ 8×32ರಂಥ ಹಗುರದ್ದು ಸಾಕು. ಕೊಳ್ಳುವ ಮೊದಲು ಅವಳ ಕಣ್ಣಿಗೇ ಹಿಡಿದು ನೋಡಿ, ಎರಡು ಕೊಳವೆಗಳು ಮಕ್ಕಳ ಕಣ್ಣುಗಳ ಅಂತರಕ್ಕೆ ಹೊಂದುವಷ್ಟು ಹತ್ತಿರ ಮಡಚಿಕೊಳ್ಳದಿದ್ದರೆ ಎಷ್ಟು ದುಬಾರಿಯಾದರೂ ಪ್ರಯೋಜನವಿಲ್ಲ. ಸದ್ಯಕ್ಕೆ ಅದನ್ನೂ ಮುಂದಕ್ಕೆ ಹಾಕಬಹುದು. ಪಂಪ್‌ಸೆಟ್ ಮನೆಯ ಹಿಂದಿನಿಂದ ಏರಿಯ ತೂತು ಬರಿಗಣ್ಣಿಗೇ ಕಾಣುತ್ತದೆ.